ಏಳನೇ ದಾರಿ

“ಎಡಕ್ಕೆ ಬೇಡ, ಎಡಕ್ಕೆ ಬೇಡ ಅಂದ್ನಲ್ಲೋ! ಬಾವಿ ಹಿಂದೆ ಮೂರು ತೋಳ ಇದಾವೆ,” ಎಂದು ಸ್ವಿಲೆನ್ ಮಂಚದ ಮೇಲಿಂದಲೇ ಕೂಗಿದ.

“ಎಲ್ಲಿ ತೋಳ? ಒಂದೂ ಕಾಣ್ತಿಲ್ಲ,” ಎಂದ ದೊಬ್ರಿನ್. ಮೌಸ್ ಅವನ ಕೈಯಲ್ಲಿತ್ತು. ಮಾತು ಮುಗಿಯುವುದರೊಳಗೆ ಕಂಪ್ಯೂಟರಿನ ಪರದೆಯ ಮೇಲೆ ಮೂರು ತೋಳಗಳು ಬಂದೇಬಿಟ್ಟವು.

“ಬಂದ್ವಾ?”

“ಬಂದ್ವು.”

“ಎರಡು ಕಣ್ಣಿಟ್ಕೊಂಡು ಅದೇನು ನೋಡ್ತೀಯೋ ಮಹಾರಾಯ! ಟ್ರಾಲಿ ಬಸ್ಸನ್ನೂ ಹಿಂಗೇ ಓಡಿಸ್ತೀಯಾ?” ಎಂದು ಸ್ವಿಲೆನ್ ನಕ್ಕ. ನಗುವಾಗ ಅವನ ಮುಖ ಗೋಡೆಯ ಕಡೆಗಿತ್ತು.

ಸ್ವಿಲೆನ್‌ಗೆ ದೃಷ್ಟಿ ಹೋಗಿ ಆರು ತಿಂಗಳಾಗಿತ್ತು. ತಲೆಯೊಳಗೆ ಬೆಳೆದ ಗೆಡ್ಡೆ ಮೊದಲು ಬಲಗಣ್ಣನ್ನು, ಆಮೇಲೆ ಎಡಗಣ್ಣನ್ನು ತಿಂದುಹಾಕಿತು. ರಾಜಧಾನಿ ಸೋಫಿಯಾದ ದೊಡ್ಡ ಡಾಕ್ಟರುಗಳು ನೋಡಿ, ಇನ್ನು ಮನೆಯಲ್ಲಿ ನೆಮ್ಮದಿಯಾಗಿರಲಿ ಎಂದು ಕಳಿಸಿಕೊಟ್ಟರು. ನೆಮ್ಮದಿಯಾಗಿರಲಿ ಅಂದರೆ ಏನರ್ಥ ಎಂದು ಅವನ ತಾಯಿ ಪೆನ್ಕಾಗೂ ಗೊತ್ತು, ರೂಸೆ ಊರಿನ ಈ ನಾಲ್ಕನೇ ಮಹಡಿಯ ಮನೆಗೆ ಬಂದುಹೋಗುವವರಿಗೆಲ್ಲ ಗೊತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಶಾಲೆಯ ಕಾಲದ ಗೆಳತಿ ನೆವೆನಾಗೆ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವನ ನೋವಿನ ಮದ್ದಿನ ಚೀಟಿ ಅವಳ ಕೈಗೇ ಬರುತ್ತಿತ್ತು. ಮದ್ದು ದುಪ್ಪಟ್ಟಾಗಿದ್ದ ಜೂನ್ ತಿಂಗಳ ಚೀಟಿ ನೋಡಿದ ದಿನ ಅವಳು ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು, ಮುಂದಿನ ಗಿರಾಕಿಗೆ ಕೆಮ್ಮಿನ ಸಿರಪ್ ಕೊಟ್ಟಿದ್ದಳು.

ನಲವತ್ತು ದಾಟಿದ ಮೂವರು ಶನಿವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕೂತು ಕಂಪ್ಯೂಟರ್ ಆಟ ಆಡುತ್ತಾರಂತೆ ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ ಬಿಡಿ. ಕೆಲವರು ಚದುರಂಗ ಆಡುತ್ತಾರೆ, ಕೆಲವರು ದೊಡ್ಡವರಾದ ಮೇಲೆ ಚರ್ಚಿಗೆ ಹೋಗಲು ಶುರುಮಾಡುತ್ತಾರೆ. ಇವರಿಗೆ ‘ಬೂದಿ ನದಿ’ ಅನ್ನುವ ಈ ಆಟ. ಶಾಲೆಯ ಹಿಂದಿನ ನೆಲಮಾಳಿಗೆಯ ಕಂಪ್ಯೂಟರ್ ಕ್ಲಬ್ಬಿನಲ್ಲಿ, ಒಂದೇ ಕುರ್ಚಿಗೆ ಇಬ್ಬರು ಅಂಟಿಕೊಂಡು ಕೂತು, ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಾ ಮೊದಲ ಸಲ ಆಡಿದಾಗ ಅವರಿಗೆ ಹದಿನಾರು ವರ್ಷ. ಅಲ್ಲಿಂದ ಇಲ್ಲಿಯವರೆಗೆ ಮದುವೆಗಳಾದವು, ಒಂದೆರಡು ಮುರಿದೂ ಹೋದವು. ಆ ಆಟ ಮಾತ್ರ ಬಿಡಲಿಲ್ಲ. ಇಂಟರ್ನೆಟ್ಟಿನಲ್ಲಿ ಅದಕ್ಕೊಂದು ಅಭಿಮಾನಿಗಳ ಫೋರಂ ಇತ್ತು. ಒಂದು ಕಾಲಕ್ಕೆ ಎರಡು ಸಾವಿರ ಜನ ಇದ್ದರು. ಈಗ ಹನ್ನೊಂದು ಜನ.

ಆಟ ಇಷ್ಟೇ. ನಾಲ್ವರು ಪಯಣಿಗರು ಒಂದು ನದಿಯ ಗುಂಟ ಹೋಗುತ್ತಾರೆ, ದಾರಿಯಲ್ಲಿ ದೆವ್ವ, ಮಾಟಗಾರ, ತೋಳ ಎಲ್ಲದರ ಜೊತೆ ಹೊಡೆದಾಡುತ್ತಾರೆ. ನಾಲ್ವರಲ್ಲಿ ಒಬ್ಬಳು ಒರೆನಾ. ದೋಣಿ ನಡೆಸುವವಳು, ಬಾಯಿ ಸ್ವಲ್ಪ ಜೋರು. ಕೊನೆಯ ಅಧ್ಯಾಯದಲ್ಲಿ ಉಳಿದ ಮೂವರು ನದಿ ದಾಟುವವರೆಗೂ ಅವಳು ಈ ದಡದಲ್ಲಿ ನಿಂತು ದೋಣಿಯ ಹಗ್ಗ ಹಿಡಿದಿರುತ್ತಾಳೆ. ಶತ್ರುಗಳು ಬಂದು ಕೊಂದುಬಿಡುತ್ತಾರೆ. ಯಾರು ಆಡಲಿ, ಹೇಗೇ ಆಡಲಿ, ಒರೆನಾ ಸಾಯುತ್ತಾಳೆ.

ಸಾಯಬೇಕಿಲ್ಲ ಎಂದವನು ಸ್ವಿಲೆನ್ ಒಬ್ಬನೇ. ಆಟದ ಫೈಲುಗಳನ್ನು ಕೆದಕುವಾಗ ಅವನಿಗೆ ಒಂದು ಚಿತ್ರ ಸಿಕ್ಕಿತ್ತು. ಒರೆನಾಳ ಮುಖವೇ, ಆದರೆ ತಲೆಗೂದಲು ಪೂರ್ತಿ ನರೆತಿದೆ, ಕಣ್ಣಿನ ಸುತ್ತ ಸುಕ್ಕು. ಆ ಚಿತ್ರ ಆಟದಲ್ಲಿ ಎಲ್ಲೂ ಬರುವುದಿಲ್ಲ. “ಸಾಯೋದೇ ಆಗಿದ್ರೆ ಅವಳನ್ನ ಮುದುಕಿ ಮಾಡಿ ಯಾಕೋ ಬರೀತಾರೆ? ಎಲ್ಲೋ ಒಂದು ದಾರಿ ಇಟ್ಟಿದಾರೆ,” ಎಂದು ಅವನ ವಾದ.

“ಬರೆದ್ರು, ಅಷ್ಟೊತ್ತಿಗೆ ಕಂಪನಿ ಮುಳುಗಿತು, ಬಾಗಿಲು ಹಾಕ್ಕೊಂಡು ಹೋದ್ರು. ಅದಕ್ಕೇ ಕೊನೇ ಅಧ್ಯಾಯಕ್ಕೆ ಸಂಗೀತ ಇಲ್ಲ, ಧ್ವನಿ ಇಲ್ಲ, ಬರೀ ಅಕ್ಷರ. ದಾರಿಯಂತೆ ದಾರಿ!” ಎನ್ನುತ್ತಿದ್ದ ದೊಬ್ರಿನ್. ಈ ಮಾತಿಗೆ ಇಬ್ಬರೂ ಒಂದು ವರ್ಷ ಮಾತು ಬಿಟ್ಟಿದ್ದರು. ನೆವೆನಾ ನಡುವೆ ನಿಂತು ಬೈದು ಒಂದು ಮಾಡಬೇಕಾಯಿತು.

ಸ್ವಿಲೆನ್ ಆರು ದಾರಿ ಊಹಿಸಿದ್ದ, ಆರನ್ನೂ ಆಡಿ ನೋಡಿದ್ದ, ಆರೂ ಸಲ ಒರೆನಾ ಸತ್ತಿದ್ದಳು. ಉಳಿದಿದ್ದದ್ದು ಏಳನೆಯದು. ಮೊದಲಿನಿಂದ ಕೊನೆಯವರೆಗೂ ಅವಳಿಗೆ ಕತ್ತಿ, ಬಿಲ್ಲು ಏನನ್ನೂ ಕೊಡಬಾರದು. ಬರುವಾಗ ಹಿಡಿದು ತಂದ ಹುಟ್ಟುಗೋಲೇ ಕೈಯಲ್ಲಿರಬೇಕು. ಆ ಹುಟ್ಟುಗೋಲಿನಲ್ಲಿ ಇಲಿ ಹೊಡೆಯುವುದೂ ಕಷ್ಟ. ಇಡೀ ಆಟವನ್ನು ಹಾಗೆ ಆಡುವ ತಾಳ್ಮೆ ಜಗತ್ತಿನಲ್ಲಿ ಯಾರಿಗೂ ಇರಲಿಲ್ಲ, ಅವನಿಗೂ ಇರಲಿಲ್ಲ. ಕಣ್ಣು ಹೋದ ಮೇಲೆ ಒಂದು ದಿನ ಗೆಳೆಯರಿಬ್ಬರನ್ನೂ ಕರೆಸಿ, “ಆ ಒಂದು ಉಳಿದುಬಿಡ್ತಲ್ಲೋ. ನೋಡಿಬಿಡಬೇಕಿತ್ತು,” ಎಂದ. ಬೇರೇನೂ ಕೇಳಲಿಲ್ಲ.

ಹಾಗೆ ಶುರುವಾಗಿತ್ತು. ದೊಬ್ರಿನ್ ಶನಿವಾರದ ಪಾಳಿ ಬದಲಾಯಿಸಿಕೊಂಡು ಬಂದು ಮೌಸ್ ಹಿಡಿಯುತ್ತಿದ್ದ. ಪರದೆಯ ಮೇಲೆ ಬಂದ ಪ್ರತಿಯೊಂದು ಮಾತನ್ನೂ ನೆವೆನಾ ಓದಿ ಹೇಳುತ್ತಿದ್ದಳು. ಎಲ್ಲಿ ತಿರುಗಬೇಕು, ಯಾವ ಬಾಗಿಲು ಮುಟ್ಟಬಾರದು ಎನ್ನುವುದೆಲ್ಲ ಮಂಚದ ಮೇಲಿನವನ ನೆನಪಿನಿಂದ. ಐದು ತಿಂಗಳಾಯಿತು. ತೋಳಗಳೇ ಮೂವತ್ತು ಸಲ ಕೊಂದಿರಬೇಕು ಇವರನ್ನು. ಸ್ವಿಲೆನ್‌ನ ಮಾತು ತಡವರಿಸತೊಡಗಿತು, ಬಲಗೈ ಏಳದಾಯಿತು. ನದಿಯ ನಕ್ಷೆ ಮಾತ್ರ ಒಂದು ತಿರುವೂ ತಪ್ಪಲಿಲ್ಲ.

ಇವತ್ತು ಕೊನೆಯ ಅಧ್ಯಾಯ. ಬಾವಿಯ ಹಿಂದಿನ ತೋಳಗಳು ಸತ್ತ ಮೇಲೆ ಉಳಿದಿದ್ದದ್ದು ನದಿ ಮಾತ್ರ.

ಪೆನ್ಕಾ ಬಿಸಿ ಬಿಸಿ ಬಾನಿತ್ಸಾದ ತಟ್ಟೆ ಹಿಡಿದು ಒಳಗೆ ಬಂದಳು. ಚೀಸ್ ತುಂಬಿ ಬೇಯಿಸಿದ ಆ ಪದರು ಪದರಿನ ತಿಂಡಿಯನ್ನು ಮಗ ಈಗ ತಿನ್ನುತ್ತಿರಲಿಲ್ಲ. ವಾಸನೆ ಬರಲಿ ಎಂದು ಹತ್ತಿರ ಇಡಿಸಿಕೊಳ್ಳುತ್ತಿದ್ದ. ತೆರೆದ ಕಿಟಕಿಯಿಂದ ಬೀದಿಯ ಲಿಂಡನ್ ಮರಗಳ ಹೂವಿನ ವಾಸನೆಯೂ ಬರುತ್ತಿತ್ತು.

“ಆ ದೋಣಿ ಹುಡುಗಿ ಇನ್ನೂ ಇದಾಳೇನೋ?” ಎಂದು ಪಕ್ಕದ ಮನೆಯವಳನ್ನು ವಿಚಾರಿಸಿದ ಹಾಗೆ ಕೇಳಿದಳು.

“ಇದಾಳಮ್ಮ. ಇವತ್ತು ಗೊತ್ತಾಗತ್ತೆ.”

“ಪಾಪ, ಆ ಕೋಲು ಹಿಡ್ಕೊಂಡು ಎಷ್ಟು ದೂರ ಬಂದ್ಲು,” ಎನ್ನುತ್ತಾ ಅವಳು ಅಡುಗೆಮನೆಗೆ ಹೋದಳು.

ದೊಬ್ರಿನ್ ಮೂವರನ್ನು ದೋಣಿ ಹತ್ತಿಸಿದ. ನೆವೆನಾ ಓದತೊಡಗಿದಳು. “‘ನೀವು ಹೋಗಿ. ಹಗ್ಗ ನನ್ನ ಕೈಲಿದೆ. ಸುಮ್ಮನೆ ನನ್ನ ಮುಖ ನೋಡಬೇಡಿ, ಆ ದಡ ನೋಡಿ’ ಅಂತಾಳೆ ಒರೆನಾ.”

“ಹೂಂ,” ಎಂದ ಸ್ವಿಲೆನ್. ಮುಂದಿನ ಮಾತುಗಳನ್ನು ಅವಳ ಜೊತೆ ಅವನ ತುಟಿಯೂ ಹೇಳುತ್ತಿತ್ತು. ಅವನ ಎಡಗೈ ಹೊದಿಕೆಯ ಅಂಚನ್ನು ಹಿಂಡುತ್ತಿತ್ತು. ನೆವೆನಾ ಅದನ್ನು ನೋಡಿದಳು. ದೇವರೇ, ಇದೊಂದು ಆಗಲಿ, ಇದೊಂದೇ ಒಂದು ಆಗಲಿ ಎಂದು ಅವಳು ಒಳಗೇ ಬೇಡಿಕೊಂಡಳು. ಒಂದು ಆಟದ ಬೊಂಬೆಗಾಗಿ ದೇವರನ್ನು ಬೇಡುತ್ತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯೇನೂ ಆಗಲಿಲ್ಲ.

ದೋಣಿ ನಡುನೀರಿಗೆ ಬಂತು. ಇಲ್ಲಿಯವರೆಗೂ ಎಲ್ಲ ಹಳೆಯದೇ. ದೋಣಿ ಆ ದಡ ಮುಟ್ಟಿತು. ಪರದೆ ಒಂದು ಕ್ಷಣ ನಿಂತುಬಿಟ್ಟಿತು. ದೊಬ್ರಿನ್ ಮುಂದಕ್ಕೆ ಬಾಗಿದ. ಹಿಂದೆ ಯಾವತ್ತೂ ಹೀಗೆ ನಿಂತಿರಲಿಲ್ಲ.

“ಏನಾಯ್ತು?” ಎಂದ ಸ್ವಿಲೆನ್.

“ತಡಿ, ತಡಿ.”

ಅಕ್ಷರಗಳು ಬಂದವು. ಹಗ್ಗ ಸಡಿಲಾಯಿತು, ಹೆಸರು ಹಿಡಿದು ಕೂಗಿದರೂ ಬಿಟ್ಟುಬಂದ ದಡದಿಂದ ಉತ್ತರ ಬರಲಿಲ್ಲ. ಅದೇ ಎರಡು ಸಾಲು. ಇಪ್ಪತ್ತೈದು ವರ್ಷದಿಂದ ಬರುತ್ತಿದ್ದ ಅದೇ ಎರಡು ಸಾಲು. ಪರದೆಯ ಬದಿಯ ನಾಲ್ಕು ಮುಖಗಳಲ್ಲಿ ಒರೆನಾಳ ಮುಖ ಕಪ್ಪಾಗಿ, ಆಮೇಲೆ ಇಲ್ಲವಾಯಿತು. ಹಳೆಯ ಯಂತ್ರ ಆಗ ಒಂದು ಕ್ಷಣ ನಿಂತಿದ್ದು ಸುಸ್ತಾಗಿ, ಅಷ್ಟೇ.

ನೆವೆನಾ ಬಾಯಿ ತೆರೆದಳು, ಓದಲಾಗಲಿಲ್ಲ. ದೊಬ್ರಿನ್ ಕಡೆ ನೋಡಿದಳು. ಇಷ್ಟು ವರ್ಷ ಅವನು ಹೇಳಿದ್ದೇ ನಿಜವಾಗಿತ್ತು. ಫೋರಂನಲ್ಲಿ ನೂರು ಸಲ ಬರೆದದ್ದು, ಒಂದು ವರ್ಷ ಮಾತು ಬಿಟ್ಟದ್ದು, ಎಲ್ಲದಕ್ಕೂ ಸಾಕ್ಷಿ ಅವನ ಕಣ್ಣೆದುರಿಗೇ ಇತ್ತು. ಸುಳ್ಳು ಎಂದರೆ ಅವನಿಗೆ ಆಗುತ್ತಿರಲಿಲ್ಲ. ಆಟದಲ್ಲಿ ಕಳ್ಳದಾರಿ ಹಿಡಿದವರನ್ನು ಫೋರಂನಿಂದಲೇ ಓಡಿಸಿದವನು ಅವನು.

“ಸತ್ಲಾ?” ಎಂದ ಸ್ವಿಲೆನ್. ದನಿ ತುಂಬಾ ಸಣ್ಣಗಿತ್ತು.

ದೊಬ್ರಿನ್ ಮೌಸ್ ಬಿಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಇಲ್ವೋ,” ಎಂದ. “ಬದುಕಿದಾಳೆ ಕಣೋ. ಬಂದ್ಬಿಟ್ಲು ಈ ದಡಕ್ಕೆ. ಸೋತೆ ನಾನು. ಥೂ, ಇಪ್ಪತ್ತೈದು ವರ್ಷ ನನ್ನ ಬಾಯಿ ಹಾಳಾಯ್ತು.”

ಸ್ವಿಲೆನ್ ಏಳಲು ಹೋದ, ಆಗಲಿಲ್ಲ. ನೆವೆನಾ ಓಡಿ ಬಂದು ದಿಂಬು ಎತ್ತರಿಸಿ ಕೂರಿಸಿದಳು. ಅವನ ಮುಖ ಕೆಂಪಾಗಿತ್ತು. “ಆಣೆ ಮಾಡು.”

“ನನ್ನ ಮಗಳಾಣೆ,” ಎಂದ ದೊಬ್ರಿನ್. ಹೇಳಿದ ಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ಹುಟ್ಟುಗೋಲೇ! ನಾ ಹೇಳಿರ್ಲಿಲ್ವಾ, ಹುಟ್ಟುಗೋಲೇ ಅಂತ!” ಸ್ವಿಲೆನ್ ನಗುತ್ತಿದ್ದ, ಮಗ್ಗುಲಲ್ಲಿದ್ದ ನೆವೆನಾಳ ಕೈಯನ್ನು ಹುಡುಕಿ ಹಿಡಿದುಕೊಂಡಿದ್ದ. ಆಮೇಲೆ ನಗು ನಿಲ್ಲಿಸಿದ. “ಏನಂತಾಳೆ?”

“ಯಾರು?”

“ಒರೆನಾ ಕಣೇ. ದಡಕ್ಕೆ ಬಂದ್ಲಲ್ಲ. ಏನಾದ್ರೂ ಹೇಳ್ಲೇಬೇಕಲ್ಲ. ಯಾರೂ ಕೇಳಿಲ್ಲದ ಮಾತು ನೆವಿ, ಓದು.”

ನೆವೆನಾ ಅವನ ಕೈ ಬಿಡಿಸಿಕೊಂಡು ಕುರ್ಚಿಗೆ ಮರಳಿದಳು. ಪರದೆಯ ಮೇಲೆ ಆ ಎರಡು ಸಾಲು ಇನ್ನೂ ಇದ್ದವು. ದೊಬ್ರಿನ್ ತಲೆಯೆತ್ತಲೇ ಇಲ್ಲ. ಸುಳ್ಳು ಶುರುಮಾಡಿ ಮುಂದಿನದನ್ನು ಅವಳ ತಲೆಗೆ ಕಟ್ಟಿದ್ದ. ಒಳ್ಳೆ ಸಿಕ್ಕಿಹಾಕಿಸಿದನಲ್ಲ ಪುಣ್ಯಾತ್ಮ ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಬಾಯಿಬಿಟ್ಟಳು.

“‘ಎಷ್ಟೋ ಜನರನ್ನ ದಾಟಿಸಿದೀನಿ ನಾನು,’” ಎಂದು ನಿಧಾನವಾಗಿ ಓದುವವಳ ಹಾಗೆ ಹೇಳಿದಳು. “‘ದಡ ಸಿಕ್ಕಿದ್ದೇ ಎಲ್ಲರೂ ಅವರವರ ದಾರಿ ಹಿಡಿದು ಹೋದರು. ತಿರುಗಿ ನೋಡಿದವನು ನೀನೊಬ್ಬನೇ.’”

ಸ್ವಿಲೆನ್‌ನ ಕುರುಡು ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಒರೆಸಿಕೊಳ್ಳಲು ಅವನು ಹೋಗಲಿಲ್ಲ.

ಗದ್ದಲ ಕೇಳಿ ಪೆನ್ಕಾ ಬಾಗಿಲಿಗೆ ಬಂದಿದ್ದಳು. ಮೂವರ ಮುಖವನ್ನೂ ನೋಡಿದಳು. “ಏನಾಯ್ತೋ? ಹೋದ್ಲಾ?”

“ಬದುಕಿದ್ಲಮ್ಮ.”

“ಸದ್ಯ,” ಎಂದಳು ತಾಯಿ, ಶಿಲುಬೆಯ ಗುರುತು ಮಾಡಿಕೊಂಡು. “ಒಬ್ಬಳಾದ್ರೂ.” ಅಂದದ್ದು ತನ್ನ ಕಿವಿಗೇ ಬಿದ್ದು, ಒಲೆಯ ಮೇಲೆ ಏನೋ ಇಟ್ಟಿದ್ದೀನಿ ಎನ್ನುತ್ತಾ ಬೇಗ ಬೇಗ ಹೊರಟುಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

“ನೆವಿ,” ಎಂದ ಸ್ವಿಲೆನ್. “ಇನ್ನೊಂದ್ಸಲ ಓದು.”

ನೆವೆನಾ ನೆನಪು ಮಾಡಿಕೊಂಡಳು. ಹೇಳಿದ್ದು ಅವಳೇ, ಆದರೆ ಆ ಸಿಟ್ಟಿನಲ್ಲಿ ಏನೇನು ಬಾಯಿಗೆ ಬಂತೋ! “‘ಎಷ್ಟೋ ಜನರನ್ನ ದಾಟಿಸಿದೀನಿ ನಾನು. ಎಲ್ಲರೂ ಅವರವರ ದಾರಿ ಹಿಡಿದು ಹೋದರು. ದಡದಲ್ಲಿ ನನಗೋಸ್ಕರ ಕಾದು ನಿಂತವನು ನೀನೊಬ್ಬನೇ. ಇಷ್ಟು ವರ್ಷ...’” ಎಂದು ಅಲ್ಲಿಗೇ ನಿಲ್ಲಿಸಿದಳು. ದನಿ ಒಡೆದಿತ್ತು.

ಈ ಆಟದ ಸಾವಿರಾರು ಮಾತುಗಳನ್ನು ಒಂದಕ್ಷರ ಬಿಡದೆ ತಲೆಯಲ್ಲಿಟ್ಟುಕೊಂಡವನು ಸ್ವಿಲೆನ್. ಹೊದಿಕೆಯ ಮೇಲಿನ ಅವನ ಎಡಗೈ ಸುಮ್ಮನಾಯಿತು.

“ಮೊದಲನೇ ಸಲ ‘ತಿರುಗಿ ನೋಡಿದವನು’ ಅಂದೆ,” ಎಂದ.

ದೊಬ್ರಿನ್ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತ. ಅವನ ಭುಜ ಅಲುಗುತ್ತಿತ್ತು. ಕೆಳಗೆ ಬೀದಿಯಲ್ಲಿ ಟ್ರಾಲಿ ಬಸ್ಸೊಂದು ನಿಂತು, ಜನರನ್ನು ಹತ್ತಿಸಿಕೊಂಡು ಹೋಯಿತು.

“ದೊಬ್ರಿನ್,” ಎಂದು ಸ್ವಿಲೆನ್ ಕರೆದ.

“ಹೇಳೋ.”

“ಫೋರಂನಲ್ಲಿ ಹಾಕ್ಬೇಡಪ್ಪ ಇದನ್ನ. ಆ ಹನ್ನೊಂದು ಜನ ಪಾಪ, ನಂಬ್ಕೊಂಡು ಐದೈದು ತಿಂಗಳು ಕೂತು ಆಡ್ತಾರೆ.”

“ಹಾಕಲ್ಲ.”

“ನಮ್ಮಲ್ಲೇ ಇರ್ಲಿ.” ಉಸಿರು ತೆಗೆದುಕೊಂಡು ಅವನು ತಲೆಯನ್ನು ದಿಂಬಿಗೆ ಒರಗಿಸಿದ, ನೆವೆನಾಳ ದನಿ ಬಂದಿದ್ದ ಕಡೆಗೆ ಮುಖ ಮಾಡಿದ. “ನೆವಿ, ಇನ್ನೊಂದು ಸಲ ಓದೇ. ‘ಇಷ್ಟು ವರ್ಷ’ ಅಂತ ನಿಲ್ಲಿಸಿಬಿಟ್ಟೆಯಲ್ಲ, ಅಲ್ಲಿಂದ.”

ನೆವೆನಾ ಕುರ್ಚಿಯನ್ನು ಮಂಚದ ಕಡೆಗೆ ತಿರುಗಿಸಿ, ಪರದೆಗೆ ಬೆನ್ನು ಕೊಟ್ಟು ಕೂತಳು. ಅವನ ಮುಖ ನೋಡುತ್ತಾ ಮುಂದಿನದನ್ನು ಓದತೊಡಗಿದಳು.