ಸರಕಾರಿ ಕಾಲೇಜಿನ ಜಾಗ

ಧರೆಪ್ಪ ಡೇರಿಗೆ ಹಾಲು ಹಾಕಿ ಮನೆಗೆ ಹೊರಟಿದ್ದ. ಎದುರಿಗೆ ಬಂದ ಪ್ರಿನ್ಸಿಪಾಲ ರಾಜಾರಾಮ ಸರ್ ಸ್ಕೂಟರ್ ನಿಲ್ಲಿಸಿದರು. ಅವರ ಮುಖ ನೋಡಿಯೇ ಏನೋ ಆಗಿದೆ ಅನ್ನಿಸಿತು.

"ಕಾಕಾ, ಕೆಟ್ಟ ಸುದ್ದಿ ಐತ್ರಿ. ನಮ್ಮ ಕಾಲೇಜ ಬ್ಯಾರೆ ತಾಲೂಕಿಗೆ ಒಯ್ಯಾಕತ್ತಾರ."

"ಒಯ್ಯಾಕತ್ತಾರಂದ್ರ? ಕಾಲೇಜೇನ ಎಮ್ಮಿ ಏನ್ರಿ ಸರ, ಹಗ್ಗ ಬಿಚ್ಚಿ ಹೊಡಕೊಂಡ ಹೋಗಾಕ?"

"ಹುಡುಗ್ರು ಕಡಿಮಿ ಅದಾರಂತ. ಈ ಸಲ ಹೊಸಾ ಅಡ್ಮಿಷನ್ ಮಾಡಬ್ಯಾಡ್ರಿ ಅಂತ ಮ್ಯಾಲಿಂದ ಬಾಯಿಮಾತಿಲೆ ಹೇಳ್ಯಾರ. ಆರ್ಡರ್ ಒಂದ ಬರೂದ ಬಾಕಿ."

ಧರೆಪ್ಪನ ಕೈಯಲ್ಲಿದ್ದ ಖಾಲಿ ಕ್ಯಾನು ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳದೆ ಅವನು ಡೇರಿಯ ಕಟ್ಟೆಯ ಮೇಲೆಯೇ ಕುಳಿತುಬಿಟ್ಟ.

ಅಲಖನೂರಿನ ಆಚೆ, ಸುತ್ತಲೂ ಕಬ್ಬು ತುಂಬಿಕೊಂಡ ಸಣ್ಣ ಊರು ಅದು. ಅಲ್ಲಿ ಸರಕಾರಿ ಡಿಗ್ರಿ ಕಾಲೇಜು ಶುರುವಾಗಿ ಆರು ವರ್ಷವಾಗಿತ್ತು. ಧರೆಪ್ಪ ಹುಡುಗನಾಗಿದ್ದಾಗ ಮೆಟ್ರಿಕ್ ಮುಗಿಸಿ, ಚಿಕ್ಕೋಡಿಯಲ್ಲಿ ರೂಮು ಹಿಡಿದು ಕಾಲೇಜಿಗೆ ಸೇರಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಅವನ ಅಪ್ಪ ತೀರಿಕೊಂಡ. ಊರಿಗೆ ಬಂದ ಧರೆಪ್ಪ ತಿರುಗಿ ಹೋಗಲಿಲ್ಲ. ಮುಂದೆ ಬಾವಿ ತೋಡಿಸಿದ, ಕಬ್ಬು ಹಚ್ಚಿದ, ದ್ರಾಕ್ಷಿ ಹಬ್ಬಿಸಿದ. ಅರ್ಧಕ್ಕೆ ಬಿಟ್ಟ ಆ ಓದು ಮಾತ್ರ ಎದೆಯಲ್ಲಿ ಹಾಗೇ ಉಳಿಯಿತು. ಸರಕಾರ ಕಾಲೇಜಿಗೆ ಜಾಗ ಹುಡುಕುತ್ತಿದೆ ಎಂದಾಗ ರಸ್ತೆಗೆ ಹತ್ತಿದ ಎರಡು ಎಕರೆ ಹೊಲವನ್ನು ಬಿಟ್ಟುಕೊಟ್ಟ. ದಾನಪತ್ರ ಬರೆದುಕೊಟ್ಟ ಕಚೇರಿಯ ಬರಹಗಾರ, ಮುಂದೆ ಎಂದಾದರೂ ಕಾಲೇಜು ನಿಂತರೆ ಜಾಗ ತಿರುಗಿ ಮನೆಯವರಿಗೇ ಬರಲಿ ಎಂಬ ಮಾತನ್ನೂ ಸೇರಿಸಿದ್ದ. ಕಾಲೇಜು ಯಾಕೆ ನಿಲ್ಲುತ್ತದೆ ಎಂದು ಧರೆಪ್ಪ ಅದನ್ನು ಲಕ್ಷ್ಯಕ್ಕೇ ತೆಗೆದುಕೊಂಡಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಗ ಅಮೋಲನಿಗೆ ಸುದ್ದಿ ಹೇಳಿದ.

"ನಾಳೆ ಊರಾಗಿನ ನಾಕ ಮಂದಿ ಹಿರ್ಯಾರನ್ನ ಕರಕೊಂಡ ಬೆಳಗಾವಿಗೆ ಹೋಗೋಣು. ನೀನೂ ಬಾ. ನಿನಗ ಸಾಹೇಬ್ರ ಕೂಡ ಮಾತಾಡಾಕ ಬರ್ತೈತಿ."

ಅಮೋಲ ರೊಟ್ಟಿ ಮುರಿಯುತ್ತಲೇ ಹೇಳಿದ: "ಯಾಕಪ್ಪಾ ಸುಮ್ಮನ ಓಡ್ಯಾಡ್ತಿ? ನಾನಽ ದೊಡ್ಡವ್ರ ಕಡಿಂದ ಫೋನ್ ಮಾಡಿಸಿ ಈ ಕೆಲಸ ಮಾಡಿಸೇನಿ."

"ಯಾವ ಕೆಲಸ?"

"ಕಾಲೇಜ ತಗಸೂದು."

ಧರೆಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡು ಮಗನ ಮುಖ ನೋಡಿದ. ಅಮೋಲ ನಗುತ್ತಿರಲಿಲ್ಲ. ಕೊಲ್ಲಾಪುರದಲ್ಲಿ ಎಂಜಿನಿಯರಿಂಗ್ ಓದಿ ಬಂದ ಮಗ, ಕೊಟ್ಟಿಗೆಗೆ ಹೊಸ ತಗಡಿನ ಪತ್ರಾ ಹಾಕಿಸುವ ಮಾತಾಡಿದಷ್ಟೇ ಸಲೀಸಾಗಿ ಮಾತಾಡಿದ.

"ಜಾಗ ನಮಗ ತಿರುಗಿ ಬರ್ತೈತಿ. ರೋಡಿಗೆ ಹತ್ತೇತಿ, ಲಗ್ನಾ ಮಾಡಾಕ ಛಲೋ ಮಂಗಲ ಕಾರ್ಯಾಲಯ ಆಗ್ತೈತಿ. ಆ ಕಾಲೇಜಿಗೆ ಯಾರ ಹೊಕ್ಕಾರ ಹೇಳು? ಕಬ್ಬ ಕಡಿಯೋರ ಮಕ್ಕಳು. ಬಿ.ಎ. ಮಾಡಿ ಮತ್ತ ಹೊಲಕ್ಕ ಬರ್ತಾರ. ನಮ್ಮಂಥವ್ರ ಮನ್ಯಾಗಿಂದ ಒಬ್ಬನರೆ ಹೋಗ್ಯಾನೇನು?"

ರೊಟ್ಟಿ ಹಾಕಲು ಬಂದಿದ್ದ ಸೊಸೆ ಸೀಮಾ ನಿಂತಲ್ಲೇ ನಿಂತಳು. ಕೆಂಚವ್ವ ಒಮ್ಮೆ ಗಂಡನನ್ನೂ ಒಮ್ಮೆ ಮಗನನ್ನೂ ನೋಡಿ, "ಉಣ್ರಿ, ಆರ್ತೈತಿ" ಎಂದಳು. ಧರೆಪ್ಪ ತಾಟಿನಲ್ಲೇ ಕೈ ತೊಳೆದು ಎದ್ದ.

ಬಿಸಿಲಲ್ಲಿ ನಡೆಯುತ್ತ ಹೋಗಿ ಕಾಲೇಜಿನ ಮುಂದೆ ನಿಂತ. ಈ ಆರು ವರ್ಷದಲ್ಲಿ ಆಗಸ್ಟ್ ಹದಿನೈದಕ್ಕೆ, ಗ್ಯಾದರಿಂಗಿಗೆ ಅವನು ಬಂದಿದ್ದ. ಸ್ಟೇಜಿನ ಮೇಲೆ ಕುಳಿತು, ಹಾರ ಹಾಕಿಸಿಕೊಂಡು ಹೋಗಿದ್ದ. ಕೋಣೆಗಳ ಒಳಗೆ ಕಾಲಿಟ್ಟವನೇ ಅಲ್ಲ. ಈಗ ಒಳಗೆ ಹೋದ. ಪರೀಕ್ಷೆ ನಡೆಯುತ್ತಿದ್ದ ದಿನಗಳು. ಮೂಲೆಯ ಕೋಣೆಯಲ್ಲಿ ಏಳೆಂಟು ಹುಡುಗಿಯರು ಕುಳಿತು ಓದುತ್ತಿದ್ದರು. ಅವನನ್ನು ಕಂಡು ಎಲ್ಲರೂ ಎದ್ದು ನಿಂತರು.

"ಕುಂಡ್ರಿ, ಕುಂಡ್ರಿ. ಇಂದ ಪೇಪರ್ ಇಲ್ಲಲಾ? ಮನ್ಯಾಗ ಓದಬಾರದೇನವಾ?"

ಶುಭಾಂಗಿ ಎಂಬ ಹುಡುಗಿ ಉತ್ತರ ಕೊಟ್ಟಳು. "ಮನ್ಯಾಗ ಒಂದಽ ಖೋಲಿ ಐತ್ರಿ ಕಾಕಾ. ಅಲ್ಲೇ ಟೀವಿ, ಅಲ್ಲೇ ಅಡಗಿ. ಮುಂಜಾನೆ ಹೊಲಕ್ಕ ಕಸಾ ತಗ್ಯಾಕ ಹೋಗಿ ಬಂದ ಇಲ್ಲೇ ಕುಂಡ್ರತೇವಿ. ಸರ ಕೀಲಿ ಕೊಟ್ಟಾರ."

ಅವಳ ತಾಯಿ ಸುಂದರಾ ಬುತ್ತಿ ತಂದು ಹೊರಗೆ ನಿಂತಿದ್ದಳು. ಧರೆಪ್ಪನ ಹೊಲದಲ್ಲೇ ಎಷ್ಟೋ ವರ್ಷ ದುಡಿದವಳು. ಸುದ್ದಿ ಅವಳಿಗೂ ಮುಟ್ಟಿತ್ತು.

"ಕಾಲೇಜ ಹೋಗ್ತೈತಂತ, ಖರೇ ಏನ್ರಿ?"

ಧರೆಪ್ಪ ಹೌದೆಂಬಂತೆ ತಲೆಯಾಡಿಸಿದ.

"ಇಕಿದ ಮುಗಿತೈತಿ ಬಿಡ್ರಿ. ಸಣ್ಣಾಕಿ ಸ್ನೇಹಲ ಈ ಸಲ ಪಿಯುಸಿ ಪಾಸ ಆಗ್ಯಾಳ. ಇಲ್ಲೇ ಮಗ್ಗಲಕ ಐತಿ ಅಂತ ಇವ್ರಪ್ಪ ಕಳಸ್ತೀನಿ ಅಂದಾನು. ರಾಯಬಾಗದ ಕಾಲೇಜಿಗೆ ಕಳಸಂಗಿಲ್ಲ. ಇಲ್ಲಿ ಇಲ್ಲಂದ್ರ ದೀಪಾವಳಿ ಮುಗದ ಮ್ಯಾಲ ಲಗ್ನಾ ಮಾಡಿಬಿಡ್ತಾನ. ವರಾ ನೋಡಿ ಇಟ್ಟಾನ."

ಅವಳು ಅಳಲಿಲ್ಲ, ಬೇಡಲಿಲ್ಲ. ಮಳೆಬೆಳೆಯ ಸುದ್ದಿ ಹೇಳಿದಂತೆ ಹೇಳಿದಳು. ಸ್ನೇಹಲಳನ್ನು ಧರೆಪ್ಪ ಬಲ್ಲ. ಮೊನ್ನೆ ಮೊನ್ನೆಯವರೆಗೆ ತಾಯಿಯ ಸೆರಗು ಹಿಡಿದು ಅವನ ಬದುವಿನ ಮೇಲೆ ಕೂರುತ್ತಿದ್ದ ಮಗು. ತಾನು ಕೊಟ್ಟದ್ದು ಇಟ್ಟಂಗಿಯ ಕಟ್ಟಡ ನಿಲ್ಲುವ ಜಾಗ ಎಂದಷ್ಟೇ ಇಲ್ಲಿಯವರೆಗೆ ಅವನು ತಿಳಿದಿದ್ದ.

ಸಂಜೆ ಮನೆಗೆ ಬಂದಾಗ ಸೀಮಾ ಚಹಾ ತಂದಿಟ್ಟಳು. ಹೋಗಲಿಲ್ಲ.

"ಮಾವಾರ, ಒಂದ ಮಾತ ಕೇಳ್ಲೇನ್ರಿ?"

"ಕೇಳವಾ."

"ಇವ್ರು ಮಾಡಿದ್ದ ತಪ್ಪ ಐತಿ. ಆದ್ರ ನಮ್ಮ ಮನ್ಯಾಗಿಂದ ಒಬ್ರೂ ಆ ಕಾಲೇಜಿಗೆ ಹೋಗಿಲ್ಲ ಅಂದ್ರಲ್ರಿ, ಅದ ಖರೇನ ಐತಿ. ನಾ ಲಗ್ನಾಗಿ ಬಂದ ವರ್ಷ ಬಿ.ಎ. ಮಾಡ್ತೀನಿ ಅಂತ ಕೇಳಿದ್ನಿ. ಮನಿ ಸೊಸಿ ಕಾಲೇಜಿಗೆ ಹೋದ್ರ ಮಂದಿ ಏನಂದಾರು ಅಂದಿದ್ರಿ. ಮರುದಿನಾನ ಗ್ಯಾದರಿಂಗಿನ್ಯಾಗ ಹೆಣ್ಮಕ್ಕಳು ಕಲೀಬೇಕು ಅಂತ ಭಾಷಣಾ ಮಾಡಿದ್ರಿ. ನಾನೂ ಕೇಳಾಕ ಬಂದಿದ್ನಿ."

ಒಳಗಿನಿಂದ ಕೆಂಚವ್ವ, "ಏ ಸೀಮಾ, ಬಾಯಿ ಸಾಕ ಮಾಡ" ಎಂದಳು. ಧರೆಪ್ಪ ಕೈ ಎತ್ತಿ ಹೆಂಡತಿಯನ್ನು ಸುಮ್ಮನಾಗಿಸಿದ. ಅವನಿಗೆ ಆ ಭಾಷಣ ನೆನಪಿತ್ತು, ಚಪ್ಪಾಳೆ ನೆನಪಿತ್ತು. ಸೊಸೆ ಕೇಳಿದ್ದು ಮಾತ್ರ ಒಂದಿಷ್ಟೂ ನೆನಪಿರಲಿಲ್ಲ. ಮಗನ ಮಾತಿಗಿಂತ ಇದು ಹೆಚ್ಚು ಗಾಬರಿ ತಂದಿತು.

"ಈಗ ಹೋಗ್ತಿ ಏನವಾ?" ಧರೆಪ್ಪ ಕೇಳಿದ.

"ಹೋಗ್ತೀನ್ರಿ. ಆದ್ರ ಹೋಗಾಕ ಕಾಲೇಜ ಇರಬೇಕಲ್ರಿ."

ಮರುದಿನ ಧರೆಪ್ಪ ಬೆಳಗಾವಿಗೆ ಹೋಗಲಿಲ್ಲ. ರಾಜಾರಾಮ ಸರ್ ಸ್ಕೂಟರಿನ ಹಿಂದೆ ಕುಳಿತು ರಾಯಬಾಗದ ನೋಂದಣಿ ಕಚೇರಿಗೆ ಹೋದ. ದಾನಪತ್ರದಲ್ಲಿದ್ದ ಷರತ್ತನ್ನು ತೆಗೆಸಿ, ಕಾಲೇಜು ಇರಲಿ ಬಿಡಲಿ ಜಾಗ ಸರಕಾರದ್ದೇ ಎಂದು ಹೊಸದಾಗಿ ಬರೆಸಿ ಸಹಿ ಹಾಕಿದ.

ಸುದ್ದಿ ಮನೆಗೆ ಅವನಿಗಿಂತ ಮೊದಲೇ ಮುಟ್ಟಿತ್ತು. ಅಮೋಲ ಅಂಗಳದಲ್ಲೇ ನಿಂತಿದ್ದ.

"ಸ್ವಂತ ಮಗನ ಹೊಟ್ಟಿ ಮ್ಯಾಲ ಹೊಡದೆಲ್ಲಪ್ಪಾ. ತಲಿ ಕೆಟ್ಟೈತೇನ ನಿಂದು?"

"ನಿನಗ ಕಬ್ಬ ಐತಿ, ದ್ರಾಕ್ಷಿ ಐತಿ. ಆ ಹುಡುಗ್ಯಾರಿಗೆ ಓದಾಕ ಮತ್ತೊಂದ ಜಾಗ ಇಲ್ಲಲೇ," ಎಂದ ಧರೆಪ್ಪ. "ಇನ್ನೊಂದ ಮಾತು. ಸೀಮಾ ಕಾಲೇಜಿಗೆ ಹೆಸರ ಹಚ್ಚತಾಳ. ನಾನಽ ಹೇಳೇನಿ."

ಅಮೋಲ ಹೆಂಡತಿಯ ಕಡೆ ತಿರುಗಿದ. ಸೀಮಾ ತಲೆ ತಗ್ಗಿಸಲಿಲ್ಲ. ಅವನು ಗಾಡಿ ತೆಗೆದುಕೊಂಡು ಹೋದವನು ಒಂದು ವಾರ ಬೇಡಕಿಹಾಳದ ಗೆಳೆಯನ ಮನೆಯಲ್ಲಿದ್ದು ಬಂದ. ಬಂದ ಮೇಲೂ ಅಪ್ಪನ ಜೊತೆ ಮಾತಾಡಲಿಲ್ಲ. ಕೆಂಚವ್ವ ಇಬ್ಬರ ನಡುವೆ ಮಾತು ಸಾಗಿಸುತ್ತ ಹೈರಾಣಾದಳು.

ಜಾಗ ಬರುವುದಿಲ್ಲವೆಂದಾದ ಮೇಲೆ ಮಗನಿಂದ ದೊಡ್ಡವರಿಗೆ ಫೋನು ಹೋಗುವುದು ನಿಂತಿತು. ಧರೆಪ್ಪ ಮತ್ತು ರಾಜಾರಾಮ ಸರ್ ಸುತ್ತಲಿನ ಊರಿನ ಮನೆಮನೆಗೆ ತಿರುಗಿದರು. ಕೆಲವರು ಬಾಗಿಲಲ್ಲೇ, "ಮೊದ್ಲ ನಿಮ್ಮ ಮನ್ಯಾಗಿನವ್ರು ಹೋಗಲಿ" ಎಂದರು. ಆಗ ಧರೆಪ್ಪ, "ನಮ್ಮ ಸೊಸಿ ಹೆಸರ ಹಚ್ಚ್ಯಾಳ್ರಿ" ಅನ್ನುತ್ತಿದ್ದ. ಕೇಳಿದವರು ಬೆರಗಾಗಿ ಅವನ ಮುಖ ನೋಡುತ್ತಿದ್ದರು. ಆರ್ಡರ್ ಇನ್ನೂ ಕೈಗೆ ಬಂದಿಲ್ಲವೆಂದು ಸರ್ ಅರ್ಜಿ ತೆಗೆದುಕೊಂಡರು; ಮೂರು ಮನೆಯ ಸೊಸೆಯಂದಿರು ಹೆಸರು ಹಚ್ಚಿದರು. ಸ್ನೇಹಲಳೂ ಸೇರಿದಳು. ಹೆಸರುಗಳ ಪಟ್ಟಿ ಕಳಿಸಿದ ಮೇಲೆ, ಕಾಲೇಜನ್ನು ಇನ್ನೊಂದು ವರ್ಷ ಅಲ್ಲೇ ಇಟ್ಟು ನೋಡೋಣ ಎಂಬ ಉತ್ತರ ಇಲಾಖೆಯಿಂದ ಬಂತು. ಅಷ್ಟೇ, ಅದರಾಚೆ ಯಾರೂ ಭರವಸೆ ಕೊಡಲಿಲ್ಲ.

ಜುಲೈಯಲ್ಲಿ ಕ್ಲಾಸುಗಳು ಶುರುವಾದವು. ಮೊದಲ ದಿನ ಸೀಮಾ ಮನೆಗೆ ಬಂದಾಗ ಕೆಂಚವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಏನ ಕಲಿಸಿದ್ರಬೇ?"

"ಏನೂ ಇಲ್ರಿ ಅತ್ತಿ. ಇತಿಹಾಸದ ಮಾಸ್ತರ್ರು ಇನ್ನೂ ನೇಮಕ ಆಗಿಲ್ಲಂತ. ನಾವಽ ಕುಂತ ಪುಸ್ತಕ ಓದಿದ್ವಿ."

ಕೆಂಚವ್ವ ಬಾಯಿ ಬಿಟ್ಟು ನಿಂತಳು. ಇಷ್ಟೆಲ್ಲ ಜಗಳ ಆಡಿ ಉಳಿಸಿಕೊಂಡ ಕಾಲೇಜಿನಲ್ಲಿ ಕಲಿಸುವವರೇ ಇಲ್ಲವೇ! ಪಡಸಾಲೆಯಲ್ಲಿದ್ದ ಧರೆಪ್ಪನಿಗೂ ಅದು ಕೇಳಿಸಿತು. ಅವನು ಎದ್ದು ಗೂಟದ ಮೇಲಿನ ಟೊಪ್ಪಿಗೆ ತೆಗೆದುಕೊಂಡ.

"ಎಲ್ಲಿ ಹೊಂಟ್ರಿ?" ಎಂದಳು ಕೆಂಚವ್ವ.

"ರಾಜಾರಾಮ ಸರ ಮನಿಗೆ. ನಾಳೆ ಎಲ್ಲಿಗೆ ಹೋಗಿ ಕೇಳಬೇಕಂತ ತಿಳಕೊಂಡ ಬರ್ತೀನಿ."