ಬೇಡ ಅಂದವರ ದಾರಿ

ಹುಡುಕುತ್ತ ಹುಡುಕುತ್ತ ಅಂಜನಾ ಯಡಿಯೂರು ಕೆರೆಯ ಗೇಟಿನ ಬಳಿ ಬಂದಳು. ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ, ಮರೆವಿನ ಕಾಯಿಲೆಯ ಅಮ್ಮ ನೀಲಗಂಗಮ್ಮ ಬಾಗಿಲು ತೆರೆದು ಹೊರಟುಬಿಟ್ಟಿದ್ದಳು. ಪೊಲೀಸರಿಗೆ ಹೇಳಿಯಾಗಿತ್ತು. ಮಧ್ಯಾಹ್ನವಾದರೂ ಸುಳಿವಿಲ್ಲ.

ಮನೆ ಮರೆತರೂ ಅಮ್ಮ ವಿಭೂತಿ ಚೀಲ ಮರೆಯುವವಳಲ್ಲ. ಅದಕ್ಕೇ ಅಂಜನಾ ಅದರೊಳಗೆ ಹಳೆಯ ಫೋನೊಂದನ್ನು ಇಟ್ಟು ಹೊಲಿದಿದ್ದಳು. ರಿಂಗಾದರೆ ಅಮ್ಮ ಬೆದರಿ ಎಸೆದಾಳೆಂದು ಸಿಮ್ ಹಾಕಿರಲಿಲ್ಲ. ಬದಲಿಗೆ ತಾನೇ ಒಂದು ಪ್ರೋಗ್ರಾಂ ಬರೆದಿದ್ದಳು. ಹತ್ತಿರದಲ್ಲಿ ಯಾರ ಮೊಬೈಲಿನ ಬ್ಲೂಟೂತ್ ತೆರೆದಿದ್ದರೂ ಅದಕ್ಕೊಂದು ಚೀಟಿ ಫೈಲಾಗಿ ಹೋಗಬೇಕು: 'ಇವರು ನೀಲಗಂಗಮ್ಮ, ದಾರಿ ತಪ್ಪಿದ್ದಾರೆ, ಈ ನಂಬರಿಗೆ ಫೋನ್ ಮಾಡಿ.' ಮನೆಯಲ್ಲಿ ಎಷ್ಟು ಸಲ ಪರೀಕ್ಷಿಸಿದರೂ ಅವಳ ಮೊಬೈಲು ತಕ್ಷಣ ಚೀಟಿ ತೋರಿಸಿತ್ತು.

ಇವತ್ತು ಯಾರೂ ಫೋನ್ ಮಾಡಲಿಲ್ಲ.

ಗೇಟಿನ ಪಕ್ಕ ಎಳನೀರು ಮಾರುವ ಕೆಂಪರಾಜು ಅಮ್ಮನ ಫೋಟೊ ನೋಡಿ ತಲೆಯಾಡಿಸಿದ. "ಗಮನಿಸ್ಲಿಲ್ಲ ಅಕ್ಕ."

"ನಿಮ್ಮ ಫೋನಿಗೆ ಏನಾದ್ರೂ ಬಂತಾ ಅಣ್ಣ? ಚೀಟಿ ಥರ?"

"ಚೀಟಿ ಇಲ್ಲ. 'ಟೆಸ್ಟ್ ಟೂ' ಅಂತ ಯಾವ್ದೋ ಒಂದು, ಫೈಲ್ ಕಳಿಸ್ಲಾ ಅಂತು. ಬೇಡ ಅಂತ ಒತ್ದೆ. ನಮ್ ಭಾವ ಹಿಂಗೇ ಏನೋ ಒತ್ತಿ ಅಕೌಂಟ್ ಗುಡಿಸಿ ಗುಂಡಾಂತರ. ನಾವೇನ್ ಪೆದ್ದ್ರಾ?"

ಪರೀಕ್ಷೆಗೆಂದು ಚೀಲದ ಫೋನಿಗೆ ಅಂಜನಾ ತಾನೇ ಇಟ್ಟು, ಬದಲಿಸಲು ಮರೆತ ಹೆಸರದು. ಒಪ್ಪುವ ಮೊದಲು ಎದುರಿನವರಿಗೆ ಕಾಣುವುದು ಹೆಸರೊಂದೇ. ತನ್ನ ಮೊಬೈಲು ಕೇಳದೆ ಒಪ್ಪುವಂತೆ ಮಾಡಿಟ್ಟುಕೊಂಡಿದ್ದರಿಂದ ಅದು ಹೊಳೆದೇ ಇರಲಿಲ್ಲ. ಗುರುತಿಲ್ಲದವರ ಫೈಲು ತೆಗೆಯಬೇಡಿ ಎಂದು ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಮತ್ತೆ ಮತ್ತೆ ಬರೆಯುತ್ತಿದ್ದವಳೂ ಅವಳೇ.

"ಯಾವಾಗ ಬಂತು?"

"ಈಗ್ ಸ್ವಲ್ಪ ಹೊತ್ತಾಯ್ತು."

ಅಂಜನಾ ಫೋಟೊ ಒಳಗಿಟ್ಟಳು. ಬೇಡ ಅಂದವರು ಇರುವಲ್ಲೆಲ್ಲ ಅಮ್ಮ ಹಾದುಹೋಗಿರಬೇಕು. ಮುಂದೆ ಸಿಕ್ಕವರನ್ನೆಲ್ಲ ಕೇಳಿದ್ದು ಒಂದೇ ಮಾತು: 'ಟೆಸ್ಟ್ ಟೂಗೆ ಬೇಡ ಅಂದ್ರಾ?' ಹೂವಿನವಳು ಅಂದಿದ್ದಳು. ಬಸ್ ಸ್ಟಾಪಿನ ಹುಡುಗಿ ಮುಖ ಸಿಂಡರಿಸಿ, "ಎರಡ್ ಸಲ ಬಂತು ಆಂಟಿ. ಯಾರೋ ಪೋಲಿ ಅನ್ಕೊಂಡೆ," ಎಂದಳು. ಇಸ್ತ್ರಿಯವನಿಗೆ ಬಂದೇ ಇರಲಿಲ್ಲ. ಅವಳು ಹಿಂದಿರುಗಿ ಪಕ್ಕದ ರಸ್ತೆಗೆ ಓಡಿದಳು.

ಅಲ್ಲಿ ಅವಳ ಮೊಬೈಲು ಗುಂಯ್ ಎಂದಿತು. 'ಇವರು ನೀಲಗಂಗಮ್ಮ, ದಾರಿ ತಪ್ಪಿದ್ದಾರೆ...'

ನಿಂತಿದ್ದ ಟೆಂಪೊದ ಮರೆಯಲ್ಲಿ, ಯಾರದೋ ಮನೆಯ ಮೆಟ್ಟಿಲ ಮೇಲೆ, ಚೀಲವನ್ನು ಎದೆಗವಚಿಕೊಂಡು ಅಮ್ಮ ಕೂತಿದ್ದಳು. ಅಂಜನಾ ಕೈ ಚಾಚಿದಳು. "ಬಾಮ್ಮ, ಮನೆಗೆ ಹೋಗೋಣ."

ಅಮ್ಮ ಹಿಂದೆ ಸರಿದಳು. "ಬೇಡ ತಾಯಿ. ಗುರುತಿಲ್ಲದೋರ ಜೊತೆ ಹೋಗ್ಬೇಡ ಅಂದಿದಾಳೆ ನನ್ ಮಗಳು. ಅವಳು ಬರ್ತಾಳೆ."

ಅಂಜನಾ ಪಕ್ಕದಲ್ಲಿ ಕುಳಿತಳು. ಮೊಬೈಲು ಮತ್ತೆ ಗುಂಯ್ ಎಂದಿತು.