ಐದಕ್ಕೆ ಸೊನ್ನೆ

"ಅದನ್ನ ಅಲ್ಲೇ ಇಡು," ಎಂದಳು ಅಕ್ಕ.

ಕಿರಿಯ ತಮ್ಮನ ಹೆಂಡತಿ ಸೈಕಲ್ಲಿನ ಹಿಂದಿನ ಚಕ್ರವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಾಗಿಲ ಬಳಿ ನಿಂತಿದ್ದಳು. ಕೋಣೆಯ ನಡುವೆ ದೊಡ್ಡ ತಮ್ಮನ ಶವಪೆಟ್ಟಿಗೆ ಇಟ್ಟಾಗಿತ್ತು. ಸುತ್ತ ಬಾಡಿಗೆ ಕುರ್ಚಿ ಹಾಕಿದರೆ ಕಾಲಾಡಿಸಲು ಜಾಗವಿರಲಿಲ್ಲ.

"ಬಂದೋರು ಈ ಕಬ್ಬಿಣ ಎಡವಿ ಬೀಳ್ಬೇಕಾ ಅಕ್ಕ?"

"ಕಣ್ಣಿದೆ ಎಲ್ಲಾರಿಗೂ. ನೋಡ್ಕೊಂಡು ನಡೀಲಿ."

ಎಪ್ಪತ್ತೆರಡು ವರ್ಷದ ಅಕ್ಕ ಯಾರಿಗೂ ಎದುರು ಮಾತಾಡಿದವಳಲ್ಲ. ನಲವತ್ತು ವರ್ಷ ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿದ ಹೆಂಗಸು. ಅಂಥವಳ ಬಾಯಿಂದ ಈ ಮಾತು ಬಂದದ್ದಕ್ಕೇ ತಮ್ಮನ ಹೆಂಡತಿ ಬೆಚ್ಚಿ, ಚಕ್ರವನ್ನು ಮತ್ತೆ ಗೋಡೆಗೆ ಒರಗಿಸಿದಳು.

ಸೈಕಲ್ಲು ಮಂಗಳವಾರದಿಂದ ಹಾಗೇ ಬಿಚ್ಚಿಕೊಂಡು ಬಿದ್ದಿತ್ತು. ಚೈನು ಸೀಮೆಎಣ್ಣೆ ಡಬ್ಬಿಯಲ್ಲಿ ನೆನೆಯುತ್ತಿತ್ತು. ಚಕ್ರದ ನಡುವಿನ ಉಕ್ಕಿನ ಗುಂಡುಗಳು ಸವೆದಿದ್ದವು. ಹೊಸವು ಶನಿವಾರ ಬರಬೇಕಿತ್ತು. ಬಿಚ್ಚಿದವನು ಶುಕ್ರವಾರ ಮಧ್ಯಾಹ್ನವೇ ತೀರಿಕೊಂಡ, ತಾನು ಕೆಲಸ ಮಾಡುವ ಗೋದಾಮಿನ ಮೆಟ್ಟಿಲ ಮೇಲೆ.

"ಈ ವಯಸ್ಸಲ್ಲಿ ಸೈಕಲ್ ಬೇಕಿತ್ತಾ ಹೇಳಿ," ಎಂದ ಎದುರು ಮನೆಯ ಗುಮಾಸ್ತ, ಕುರ್ಚಿಯಲ್ಲಿ ಕೂರುತ್ತ. "ಐವತ್ತೊಂಬತ್ತು ಅಂದ್ರೆ ಆಟ ಆಡೋ ವಯಸ್ಸಾ? ಬೆರಳಿಲ್ಲದ ಗ್ಲೌಸಂತೆ, ತಲೆ ಮೇಲೆ ಬುಟ್ಟಿಯಂತೆ."

"ಬುಟ್ಟಿಗೆ ದೀಪ ಬೇರೆ," ಎಂದಳು ಅವನ ಹೆಂಡತಿ. ಯಾರೋ ಮೂಗಿನಲ್ಲೇ ನಕ್ಕರು.

ಅಕ್ಕನ ಮೈ ಉರಿಯಿತು. ಶುಕ್ರವಾರ ಸಂಜೆಯಿಂದ ಇದೊಂದೇ ಮಾತು. ಸೈಕಲ್ ತುಳಿದು ಸತ್ತ, ಸೈಕಲ್ಲೇ ತಿಂದುಹಾಕಿತು. ಹಿಂದಿನ ಚಕ್ರ ಇವರ ಮೊಣಕಾಲಿಗೆ ತಾಗುತ್ತಿದೆ. ಚಕ್ರವಿಲ್ಲದ ಸೈಕಲ್ಲನ್ನು ಹೇಗೆ ತುಳಿದ ಎಂದು ಒಬ್ಬರಾದರೂ ಕೇಳಿದರೇ?

*

ಹೆಂಚು, ನೆಲದ ಹಾಸುಬಿಲ್ಲೆ ತುಂಬಿದ ಗೋದಾಮಿನಲ್ಲಿ ತಮ್ಮ ಇಪ್ಪತ್ತೆಂಟು ವರ್ಷ ಸ್ಟೋರ್ ನೋಡಿಕೊಂಡ. ಮದುವೆಯಾಗಲಿಲ್ಲ. ಮೂರನೆಯ ಮಹಡಿಯ ಎರಡು ಕೋಣೆಯಲ್ಲಿ ಅಕ್ಕ, ತಮ್ಮ ಇಬ್ಬರೇ. ಅವನ ದಿನ ಶುರುವಾಗುತ್ತಿದ್ದದ್ದೇ ಸಂಜೆ ಮನೆಗೆ ಬಂದಮೇಲೆ.

ಕಂಡದ್ದಕ್ಕೆಲ್ಲ ಅವನು ಐದಕ್ಕೆ ಇಷ್ಟು ಎಂದು ಮಾರ್ಕು ಹಾಕುತ್ತಿದ್ದ. ಗೋದಾಮಿನಲ್ಲಿ ಹಮಾಲರು ಅವನನ್ನು ಮಾರ್ಕು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮನೆಯಲ್ಲೇ ಪಿಜ್ಜಾ ಮಾಡಬೇಕೆಂಬ ಹುಚ್ಚು ಹಿಡಿದಾಗ, ಓವನ್ನಿನೊಳಗೆ ಹಾಸಲು ಒಂದು ಒಳ್ಳೆಯ ಕಲ್ಲು ಬೇಕಾಯಿತು. ಗೋದಾಮಿನಿಂದ ಒಡೆದ ಮಾದರಿ ಬಿಲ್ಲೆಗಳನ್ನು ಕೇಳಿ ತಂದು ಒಂದೊಂದನ್ನೇ ಕಾಯಿಸಿ ನೋಡಿದ. ನಾಲ್ಕು ಸೀಳಿದವು. ನಾಲ್ಕನೆಯದು ಸಿಡಿದ ಸದ್ದಿಗೆ ಅಕ್ಕ ಸೌಟು ಹಿಡಿದುಕೊಂಡೇ ಮೆಟ್ಟಿಲವರೆಗೆ ಓಡಿದ್ದಳು. ಐದನೆಯದು, ಹೊಳಪಿಲ್ಲದ ಕೆಂಪು ಬಿಲ್ಲೆ, ಜಪ್ಪಯ್ಯ ಎನ್ನಲಿಲ್ಲ.

"ಇದಕ್ಕೆ ಐದು ಅಕ್ಕ," ಎಂದು ಅದನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿಟ್ಟ.

ಕಲಸಿದ ಹಿಟ್ಟು ಎರಡು ದಿನ ಫ್ರಿಜ್ಜಿನಲ್ಲಿ ಮಲಗಬೇಕು. ಆ ಎರಡು ದಿನವೂ ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ ಮುಚ್ಚಬೇಕು. ಸಿನಿಮಾ ನೋಡಿದರೆ ಎರಡು ಸಲ, ಒಮ್ಮೆ ಮಾತು ಕೇಳುತ್ತ, ಇನ್ನೊಮ್ಮೆ ಸದ್ದು ಆರಿಸಿ. ಮಳೆಗೆ ಹಾಕುವ ಸೈಕಲ್ ಕೋಟು ತಂದ ದಿನ ಅದನ್ನು ತೊಟ್ಟು ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತು, "ಸುರಿ ಅಕ್ಕ, ಕನಿಕರ ಬೇಡ" ಎಂದಿದ್ದ. ಅವಳು ನಾಲ್ಕು ಬಕೆಟ್ ಸುರಿದಳು. ಕೋಟು ಬಿಚ್ಚಿದರೆ ಒಳಗಿನ ಅಂಗಿ ಹಿಂಡುವಂತಿತ್ತು. "ಒಂದು," ಎಂದು ಬರೆದುಕೊಂಡ, ಹಲ್ಲು ಕಟಕಟ ಎನ್ನುತ್ತಿದ್ದರೂ. "ಒಂದು ಯಾಕೋ?" ಎಂದರೆ, "ಬಣ್ಣ ಚೆನ್ನಾಗಿದೆಯಲ್ಲ" ಎಂದ. ಸೊನ್ನೆ ಕೊಡಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ.

ಪುಸ್ತಕದಲ್ಲಿ ತನ್ನ ಮಾರ್ಕು ಬರೆದಮೇಲೆ ಪೆನ್ಸಿಲನ್ನು ಹಾಗೇ ಹಿಡಿದು ಕೇಳುತ್ತಿದ್ದ: "ನಿನ್ನದೆಷ್ಟು?"

ನಲವತ್ತು ವರ್ಷ ಇಸ್ತ್ರಿ ಕೋಣೆಯಲ್ಲಿ ಯಾವುದೊಂದರ ಬಗ್ಗೆಯೂ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. "ನಂಗೇನು ಗೊತ್ತಾಗುತ್ತೋ" ಎನ್ನುತ್ತಿದ್ದಳು ಮೊದಮೊದಲು. ಅವನು ಪೆನ್ಸಿಲ್ ಕೆಳಗಿಡುತ್ತಿರಲಿಲ್ಲ. ಬರಬರುತ್ತ ಕಲಿತಳು. "ಮೂರು. ಕೊನೇಲಿ ಹೀರೋ ಅಷ್ಟೊಂದು ಅಳೋದೇನಿತ್ತು?" ತಮ್ಮ ಪಕ್ಕದಲ್ಲಿ ಬರೆಯುತ್ತಿದ್ದ: ಅಕ್ಕ, ಮೂರು.

*

ಗೋದಾಮಿನ ಮ್ಯಾನೇಜರು ಹನ್ನೊಂದು ಗಂಟೆಗೆ ಬಂದ. ಪೆಟ್ಟಿಗೆಯ ಮುಂದೆ ಒಂದು ನಿಮಿಷ ತಲೆ ತಗ್ಗಿಸಿ, ಕಿರಿಯ ತಮ್ಮನ ಹೆಗಲ ಮೇಲೆ ಕೈಯಿಟ್ಟು, ಅಕ್ಕನ ಎದುರು ಕೂತ.

"ಎಷ್ಟು ಸಲ ಹೇಳಿದ್ದೆ ಅಮ್ಮ, ಸೈಕಲ್ ಬಿಡಿ, ಬಸ್ಸಲ್ಲಿ ಬನ್ನಿ ಅಂತ. ಕೇಳ್ಬೇಕಲ್ಲ." ಜೇಬಿನಿಂದ ಮಡಿಸಿದ ಕಾಗದ ತೆಗೆದ. "ನಾಳೆ ಲೇಬರ್ ಇನ್‌ಸ್ಪೆಕ್ಟರು ಬರ್ತಾರೆ. ಮನೆಯವರ ಹೇಳಿಕೆ ಒಂದು ಇರ್ಬೇಕು. ನೀವೊಂದು ಸಹಿ ಹಾಕಿಬಿಟ್ರೆ ಆಯ್ತು."

"ಓದಿ ಹೇಳಿ."

"ಏನಿಲ್ಲ, ಎರಡೇ ಸಾಲು. ದಿನದಂತೆ ಸೈಕಲ್ ತುಳಿದು ಬಂದು ವಿಪರೀತ ದಣಿದಿದ್ದರಿಂದ ಹೀಗಾಯಿತು. ಕೆಲಸದ ಜಾಗದ ಬಗ್ಗೆ ನಮ್ಮದೇನೂ ದೂರಿಲ್ಲ. ಅಷ್ಟೇ."

"ಯಾವ ಸೈಕಲ್ಲು?"

"ಅವರ ಸೈಕಲ್ಲೇ."

ಅಕ್ಕ ಗೋಡೆಯ ಕಡೆ ಕೈ ತೋರಿಸಿದಳು. "ಅಲ್ಲಿದೆ. ಒಂದು ಸುತ್ತು ತುಳಿದು ತೋರ್ಸಿ."

ಮ್ಯಾನೇಜರು ಚಕ್ರ ನೋಡಿದ, ಸೀಮೆಎಣ್ಣೆ ಡಬ್ಬಿ ನೋಡಿದ. "ಇನ್ನೊಂದು ಇತ್ತೇನೋ."

"ಈ ಎರಡು ಕೋಣೇಲಿ ಇನ್ನೊಂದು ಸೈಕಲ್ ಎಲ್ಲಿಡ್ಬೇಕು? ನನ್ನ ತಲೆ ಮೇಲಾ?"

ಕಿರಿಯವನು ಅಕ್ಕನ ಮೊಣಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದ. ಅವನು ರಟ್ಟಿನ ಡಬ್ಬ ಮಾಡುವವನು. ಡಬ್ಬವೆಲ್ಲ ಹೋಗುತ್ತಿದ್ದದ್ದು ಅದೇ ಗೋದಾಮಿಗೆ.

"ನನ್ನ ಹೊಟ್ಟೆ ಮೇಲೆ ಹೊಡೀಬೇಡ ಅಕ್ಕ. ಲಿಫ್ಟು ಕೆಟ್ಟಿದ್ದು ಹೊರಗೆ ಬಂದ್ರೆ ಗೋದಾಮು ಮುಚ್ಚಿಸ್ತಾರೆ. ಅಣ್ಣ ಅಂತೂ ಹೋದ. ಕಾಗದದಲ್ಲಿ ಏನಿದ್ರೆ ಅವನಿಗೇನು?"

"ಹಂಗಾದ್ರೆ ನೀನೇ ಹಾಕು."

"ಜೊತೇಲಿದ್ದೋಳು ನೀನು. ನಿನ್ನದೇ ಬೇಕಂತೆ."

"ಕೇಳಿಲ್ಲಿ." ಅಕ್ಕನ ದನಿ ಏರಲಿಲ್ಲ. "ಒಂದೂವರೆ ತಿಂಗಳಿಂದ ಸಾಮಾನು ಲಿಫ್ಟು ಕೆಟ್ಟು ಕೂತಿದೆ. ಆಳು ಕಮ್ಮಿ ಅಂತ ಅವನ ಹೆಗಲಿಗೂ ಬಿಲ್ಲೆ ತುಂಬಿದ ಡಬ್ಬ ಹೊರಿಸಿದ್ರು. ಎರಡನೇ ಮಹಡಿ ತಿರುವಲ್ಲಿ ಡಬ್ಬದ ಸಮೇತ ಕುಸಿದ. ಜೊತೇಲಿ ಹೊರ್ತಿದ್ದ ಹಮಾಲ ಉದ್ದಣ್ಣ ಆಸ್ಪತ್ರೇಲಿ ನನಗೇ ಹೇಳಿದಾನೆ. ಈಗ ಅವನು ಇಷ್ಟಪಟ್ಟಿದ್ದೇ ಅವನನ್ನ ತಿಂತು ಅಂತ ನನ್ನ ಕೈಲೇ ಬರೆಸ್ತಿದಾರೆ. ಇಷ್ಟ ಅಂತ ಅವನಿಗೆ ಇದ್ದಿದ್ದೇ ನಾಲ್ಕು ಸಾಮಾನು ಕಣೋ. ಅದರ ಮೇಲೂ ಕೊಲೆ ಹೊರಿಸ್ಲಾ ನಾನು?"

ಕಿರಿಯವನು ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದ.

ಅಕ್ಕ ಹೊರಗೆ ಬಂದಳು. ಬಾಗಿಲ ಬಳಿ ಉದ್ದಣ್ಣ ಇನ್ನೊಬ್ಬ ಹಮಾಲನ ಜೊತೆ ಗೋಡೆಗಂಟಿ ನಿಂತಿದ್ದ.

"ಉದ್ದಣ್ಣ, ಶುಕ್ರವಾರ ಏನಾಯ್ತು ಅಂತ ಇವರ ಮುಂದೆ ಒಂದ್ಸಲ ಹೇಳಪ್ಪ."

ಉದ್ದಣ್ಣ ಮ್ಯಾನೇಜರನ ಮುಖ ನೋಡಿದ. ತನ್ನ ಕಾಲಬೆರಳು ನೋಡಿಕೊಂಡ. ಅಕ್ಕ ಒತ್ತಾಯಿಸಲಿಲ್ಲ, ಅವನ ಮನೆಯಲ್ಲೂ ಒಲೆ ಉರಿಯಬೇಕು.

ಅವಳು ಕಪಾಟಿನಿಂದ ತಮ್ಮನ ಪುಸ್ತಕ ತೆಗೆದು ಕುರ್ಚಿಯಲ್ಲಿ ಕೂತಳು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಬೆರಳಿಟ್ಟು, ಅಕ್ಷರ ಕೂಡಿಸಿ ಓದಬೇಕು. ಕೂಡಿಸುವವರೆಗೆ ಎಲ್ಲರೂ ಕಾಯಬೇಕಾಯಿತು.

"ಭಾ-ನು-ವಾರ. ಪಿಜ್ಜಾ. ಅಂಚು ಚೆನ್ನಾಗಿ ಉಬ್ಬಿತು. ನಾಲ್ಕೂವರೆ. ಅಕ್ಕ, ನಾಲ್ಕು." ಪುಟ ತಿರುವಿದಳು. "ಮಂಗಳವಾರ. ಹಿಂದಿನ ಚಕ್ರ ಬಿಚ್ಚಿದೆ. ಬುಧವಾರ. ಬಸ್ಸು. ನಿಂತು ಹೋದೆ. ಎರಡು. ಗೋದಾಮಿನ ಮೆಟ್ಟಿಲು, ಅರವತ್ತೆರಡು. ಡಬ್ಬ ಹೊತ್ತು ಹದಿನಾಲ್ಕು ಸಲ." ಅಲ್ಲಿ ಬೆರಳು ನಿಂತಿತು. "ಸೊನ್ನೆ."

ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿದಳು.

"ಗುರುವಾರ. ಬಸ್ಸು. ಕೂರಲು ಜಾಗ ಸಿಕ್ಕಿತು. ಮೂರು. ಮೆಟ್ಟಿಲು, ಹದಿನೇಳು ಸಲ. ಲಿಫ್ಟಿನ ಬಗ್ಗೆ ಮ್ಯಾನೇಜರಿಗೆ ಮತ್ತೆ ಹೇಳಿದೆ. ನಕ್ಕರು. ಸೊನ್ನೆ. ರಾತ್ರಿ ಸಿನಿಮಾ. ಅರ್ಧಕ್ಕೇ ನಿದ್ದೆ ಬಂತು. ಮಾರ್ಕು ನಾಳೆ."

ಮುಂದಿನ ಪುಟದಲ್ಲಿ ಏನೂ ಇರಲಿಲ್ಲ. ಅದನ್ನೂ ಅವಳು ತಿರುವಿ ತೋರಿಸಿದಳು.

ಎದುರು ಮನೆಯ ಗುಮಾಸ್ತ ಕಾಲ ಬಳಿಯ ಚಕ್ರವನ್ನು ಈಗಷ್ಟೇ ಕಂಡವನಂತೆ ನೋಡತೊಡಗಿದ್ದ.

"ಇದೆಲ್ಲ ದಾಖಲೆ ಅಲ್ಲಮ್ಮ," ಎಂದ ಮ್ಯಾನೇಜರು. "ಪಿಜ್ಜಾ, ಸಿನಿಮಾ... ಹುಡುಗಾಟಕ್ಕೆ ಬರೆದಿದ್ದು. ನಾಲ್ಕು ಮೆಟ್ಟಿಲು ಹತ್ತಿದ್ರೆ ಯಾರೂ ಸಾಯಲ್ಲ."

"ನಾನು ಸಹಿ ಹಾಕಲ್ಲ," ಎಂದಳು ಅಕ್ಕ. "ನಾಳೆ ಇನ್‌ಸ್ಪೆಕ್ಟರ ಮುಂದೆ ಈ ಪುಸ್ತಕ ಇಟ್ಕೊಂಡು ಕೂರ್ತೀನಿ. ಹುಡುಗಾಟ ಹೌದೋ ಅಲ್ವೋ ಅವರೇ ಹೇಳ್ಲಿ."

ಗಾಡಿಯ ಡ್ರೈವರು ಮೇಲೆ ಬಂದು, ಹೊತ್ತಾಯಿತು ಎಂದ. ಮುಚ್ಚಳ ಹಾಕಿದರು. ಕಟ್ಟಡದಲ್ಲಿ ಲಿಫ್ಟಿರಲಿಲ್ಲ, ಪೆಟ್ಟಿಗೆಯನ್ನು ಮೂರು ಮಹಡಿ ಹೊತ್ತೇ ಇಳಿಸಬೇಕು. ಉದ್ದಣ್ಣ, ಅವನ ಜೊತೆಗಾರ, ಕಿರಿಯವನು, ಮೂವರು ಮೂರು ಮೂಲೆ ಹಿಡಿದರು. ಗುಮಾಸ್ತ ನಾಲ್ಕನೆಯ ಮೂಲೆಗೆ ಕೈ ಚಾಚಿದ.

"ನೀವು ಬಿಡಿ," ಎಂದಳು ಅಕ್ಕ. "ಮ್ಯಾನೇಜರು ಹಿಡೀತಾರೆ. ಇಪ್ಪತ್ತೆಂಟು ವರ್ಷ ಅವರ ಹತ್ರ ದುಡಿದಿದಾನೆ."

ಅಷ್ಟು ಜನರ ಎದುರು ಮ್ಯಾನೇಜರಿಗೆ ಇಲ್ಲವೆನ್ನಲಾಗಲಿಲ್ಲ. ಹಿಂದಿನ ಮೂಲೆಗೆ ಹೋದ.

"ಅಲ್ಲಲ್ಲ ಸಾರ್, ಮುಂದೆ ಬನ್ನಿ," ಎಂದ ಉದ್ದಣ್ಣ. ಆ ದಿನ ಅವನ ಬಾಯಿಂದ ಬಂದ ಮೊದಲ ಮಾತು ಅದು. "ನನ್ನ ಪಕ್ಕಕ್ಕೆ. ಇಳಿಯುವಾಗ ಭಾರ ಎಲ್ಲ ಮುಂದಕ್ಕೇ ಬರೋದು." ಮುಂದಿದ್ದ ಜೊತೆಗಾರ ತನ್ನ ಮೂಲೆ ಬಿಟ್ಟು ಹಿಂದಕ್ಕೆ ಹೋದ.

ಅಕ್ಕ ಕಂಬಿ ಹಿಡಿದುಕೊಂಡು ಹಿಂದೆ ಹಿಂದೆ ಇಳಿದಳು. ಮೊದಲ ತಿರುವಿನಲ್ಲಿ ಮ್ಯಾನೇಜರು ಕೈ ಬದಲಾಯಿಸಿದ. ಎರಡನೆಯ ತಿರುವು ಇಕ್ಕಟ್ಟು. ಪೆಟ್ಟಿಗೆಯನ್ನು ಎದೆಮಟ್ಟಕ್ಕೆ ಎತ್ತಿ ತಿರುಗಿಸಬೇಕು. ಅಲ್ಲಿ ಮ್ಯಾನೇಜರು ಬೆನ್ನನ್ನು ಗೋಡೆಗೆ ಆನಿಸಿದ, ಬಾಯಿ ತೆರೆದುಕೊಂಡಿತು.

"ನಿಲ್ಸಿ... ಒಂದ್ನಿಮಿಷ."

"ಸಾರ್ ಇವತ್ತು ಸೈಕಲ್ ತುಳ್ಕೊಂಡು ಬಂದ್ರಾ?" ಎಂದ ಉದ್ದಣ್ಣ. ಅವನ ಮುಖದಲ್ಲಿ ನಗುವಿರಲಿಲ್ಲ.

ಮ್ಯಾನೇಜರು ಕೈ ಬಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತ. ಆ ಮೂಲೆಗೆ ಉದ್ದಣ್ಣ ತನ್ನ ಇನ್ನೊಂದು ಹೆಗಲು ಕೊಟ್ಟ. ಪೆಟ್ಟಿಗೆ ಒಂದಿಷ್ಟೂ ವಾಲದೆ ತಿರುವು ದಾಟಿತು. ಕಿರಿಯವನು ಮ್ಯಾನೇಜರನನ್ನು ದಾಟುವಾಗ ತಲೆಯೆತ್ತಲಿಲ್ಲ, ಆದರೆ ನಿಲ್ಲಲೂ ಇಲ್ಲ. ಕೂತವನ ಪಕ್ಕದಲ್ಲಿ ಇಬ್ಬರು ಒಟ್ಟಿಗೆ ಇಳಿಯುವಷ್ಟು ಜಾಗ ಮೆಟ್ಟಿಲಲ್ಲಿ ಉಳಿದಿರಲಿಲ್ಲ. ಮೇಲಿನಿಂದ ಅಕ್ಕ, ಗುಮಾಸ್ತ, ಅವನ ಹೆಂಡತಿ, ಬಂದವರೆಲ್ಲ ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ಒಬ್ಬೊಬ್ಬರು ಬಂದಾಗಲೂ ಮ್ಯಾನೇಜರು ಏದುಸಿರು ಬಿಡುತ್ತ, ಪಾಲಿಶ್ ಹಾಕಿದ ಬೂಟುಗಳನ್ನು ಒಳಕ್ಕೆ ಎಳೆದುಕೊಂಡು ದಾರಿ ಬಿಡುತ್ತಿದ್ದ.